ರೋಡ್ ಟ್ರೇನ್ ಹಿಂದಿಕ್ಕುವ ಲೆಕ್ಕ: ಸ್ಟುವರ್ಟ್ ಹೆದ್ದಾರಿಯಲ್ಲಿ ಖಂಡದಾಟ

ಆಸ್ಟ್ರೇಲಿಯಾದ ದಕ್ಷಿಣದ ಪೋರ್ಟ್ ಅಗಸ್ಟಾದಿಂದ ಉತ್ತರದ ಡಾರ್ವಿನ್‌ವರೆಗೆ ಸ್ಟುವರ್ಟ್ ಹೆದ್ದಾರಿಯ ಉದ್ದ ಸುಮಾರು 2,700 ಕಿ.ಮೀ. 1987ರ ಹೊತ್ತಿಗೇ ಪೂರ್ತಿ ಡಾಂಬರಾದ ದಾರಿ ಇದು. ನಮ್ಮಲ್ಲಿಯಂತೆ ಎಡಗಡೆಯ ಸಂಚಾರ, ಸಾಮಾನ್ಯ ಕಾರೇ ಸಾಕು. ದೂರ, ಬಿಸಿಲು, ವೇಗ ಇವುಗಳ ಅಂದಾಜು ತಪ್ಪಿದಾಗಲೇ ಇಲ್ಲಿ ಎಡವಟ್ಟಾಗುವುದು.

ಮೊದಲು ಪೆಟ್ರೋಲ್. ಗ್ಲೆಂಡಾಂಬೊದಿಂದ ಕೂಬರ್ ಪೀಡಿಗೆ ಸುಮಾರು 250 ಕಿ.ಮೀ.; ನಡುವೆ ಒಂದೂ ಬಂಕ್ ಇಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 90ರ ಬದಲು 110ರಲ್ಲಿ ಓಡಿಸಿದರೆ ಆ ತಡೆ ಒಂದೂವರೆ ಪಟ್ಟಾಗುತ್ತದೆ. ಎದುರುಗಾಳಿ, ಎ.ಸಿ. ಸೇರಿದರೆ 100 ಕಿ.ಮೀ.ಗೆ 10 ಲೀಟರ್ ಸುಲಭವಾಗಿ ಖರ್ಚಾಗುತ್ತದೆ. 50 ಲೀಟರಿನ ಟ್ಯಾಂಕ್ ಅರ್ಧ ಇದ್ದರೆ ಅದು ಸರಿಯಾಗಿ 250 ಕಿ.ಮೀ.ಗೆ ಮುಗಿಯುತ್ತದೆ, ಒಂದು ಹನಿಯೂ ಉಳಿಯುವುದಿಲ್ಲ. ಅದಕ್ಕೇ ಮುಳ್ಳು ಅರ್ಧಕ್ಕೆ ಇಳಿಯುವ ಮೊದಲೇ, ಸಿಕ್ಕ ಬಂಕಿನಲ್ಲಿ ತುಂಬಿಸಿಕೊಳ್ಳಬೇಕು.

ಇನ್ನು ರೋಡ್ ಟ್ರೇನ್. ಒಂದೇ ಲಾರಿಗೆ ಮೂರು ನಾಲ್ಕು ಟ್ರೇಲರ್ ಕಟ್ಟಿದ ಈ ವಾಹನ 53.5 ಮೀಟರ್‌ವರೆಗೆ ಉದ್ದವಿರುತ್ತದೆ. ಅದು 90 ಕಿ.ಮೀ. ವೇಗದಲ್ಲಿದೆ, ನೀವು 110ರಲ್ಲಿದ್ದೀರಿ ಎನ್ನಿ. ಹಿಂದೆ 50, ಮುಂದೆ 50 ಮೀಟರ್ ಬಿಟ್ಟು ದಾಟಲು ನೀವು ಸುಮಾರು 160 ಮೀಟರ್ ಹೆಚ್ಚು ಕ್ರಮಿಸಬೇಕು. ವೇಗದ ವ್ಯತ್ಯಾಸ ಸೆಕೆಂಡಿಗೆ 5.6 ಮೀಟರ್ ಅಷ್ಟೇ, ಆದ್ದರಿಂದ 29 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನೀವು ಸುಮಾರು 900 ಮೀಟರ್ ಓಡಿರುತ್ತೀರಿ. ಎದುರಿನ ಕಾರೂ ಅಷ್ಟೇ ಓಡಿರುತ್ತದೆ. ಅಂದರೆ ಎದುರಿಗೆ ಕನಿಷ್ಠ 1.8 ಕಿ.ಮೀ. ರಸ್ತೆ ಖಾಲಿ ಕಾಣಬೇಕು. ಮಧ್ಯಾಹ್ನ ಬಿಸಿಗಾಳಿಯಲ್ಲಿ ಬೆಳಕು ಬಾಗಿ, ಮರೀಚಿಕೆ ದೂರದ ವಾಹನವನ್ನೇ ನುಂಗಿಬಿಡುತ್ತದೆ. ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡೇ ಓಡಿಸಿ. ಅನುಮಾನವಿದ್ದರೆ ಹಿಂದೆಯೇ ಇರಿ.

ಮುಸ್ಸಂಜೆ, ನಸುಕಿನಲ್ಲಿ ಕಾಂಗರೂಗಳು ರಸ್ತೆಗೆ ಬರುತ್ತವೆ. ಡಾಂಬರಿನಿಂದ ಹರಿದ ಮಳೆನೀರು ಅಂಚಿನಲ್ಲಿ ಹುಲ್ಲು ಬೆಳೆಸುತ್ತದೆ, ಅದೇ ಅವುಗಳ ಮೇವು. ಅಡ್ಡ ಬಂದರೆ ನೇರವಾಗಿ ಬ್ರೇಕ್ ಹಾಕಿ. ಸ್ಟೀರಿಂಗ್ ಸರಕ್ಕನೆ ತಿರುಗಿಸಿದರೆ ಚಕ್ರ ಅಂಚಿನ ಜಲ್ಲಿಗಿಳಿದು ಕಾರು ಮಗುಚುವ ಅಪಾಯವೇ ಹೆಚ್ಚು. ಕತ್ತಲಾಗುವ ಮೊದಲು ತಂಗುವುದು ಲೇಸು.

ತಂಗಲು ಕೂಬರ್ ಪೀಡಿಗಿಂತ ಒಳ್ಳೆಯ ಜಾಗವಿಲ್ಲ. 1915ರಲ್ಲಿ ಓಪಲ್ ಎಂಬ ಬಣ್ಣಬಣ್ಣದ ರತ್ನ ಸಿಕ್ಕ ಈ ಊರಿನಲ್ಲಿ ಬಹಳ ಜನ ನೆಲದೊಳಗೆ ಕೊರೆದ ಮನೆಗಳಲ್ಲಿದ್ದಾರೆ. ಹೊರಗೆ 45 ಡಿಗ್ರಿ ಇದ್ದರೂ ಒಳಗೆ 23–25. ಬಂಡೆಯೊಳಗೆ ಶಾಖ ಬಲು ನಿಧಾನವಾಗಿ ಇಳಿಯುವುದರಿಂದ ಹಗಲಿನ ಕಾವು ಒಂದು ಮೀಟರ್ ಆಳಕ್ಕೂ ಸರಿಯಾಗಿ ಮುಟ್ಟುವುದಿಲ್ಲ. ಇನ್ನೂ ಕೆಳಗೆ ಬೇಸಿಗೆ ಚಳಿಗಾಲಗಳ ಅಂತರವೂ ಕರಗಿ, ವರ್ಷದ ಸರಾಸರಿಯ ಆಸುಪಾಸಿನ ಉಷ್ಣತೆಯಷ್ಟೇ ಉಳಿಯುತ್ತದೆ. ಓಪಲ್ಲಿನ ಬಣ್ಣ ಸಿಲಿಕಾದ ಅತಿಸೂಕ್ಷ್ಮ ಗೋಲಿಗಳ ಜೋಡಣೆಯದು: ಸಾಲುಸಾಲಾಗಿ ಕೂತ ಗೋಲಿಗಳು ಬೆಳಕನ್ನು ಚದುರಿಸುತ್ತವೆ, ದೊಡ್ಡ ಗೋಲಿಗಳಿದ್ದಲ್ಲಿ ಮಾತ್ರ ಕೆಂಪು ಹೊಳೆಯುತ್ತದೆ. ಗಣಿಯ ಬಯಲಿನಲ್ಲಿ ಫೋಟೋ ತೆಗೆಯುತ್ತಾ ಹಿಂದೆ ಹಿಂದೆ ನಡೆಯಬೇಡಿ. ಮುಚ್ಚದೆ ಬಿಟ್ಟ ಆಳವಾದ ಬಾವಿಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ.

ಎರ್ಲ್‌ಡಂಡಾದಲ್ಲಿ ಎಡಕ್ಕೆ ತಿರುಗಿ ಸುಮಾರು 250 ಕಿ.ಮೀ. ಹೋದರೆ ಉಲುರು ಎಂಬ ಬೃಹತ್ ಬಂಡೆ. ಅದರ ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಒಳಗಿನ ಕಲ್ಲು ಬೂದು. 2019ರ ಅಕ್ಟೋಬರ್‌ನಿಂದ ಅದನ್ನು ಹತ್ತುವಂತಿಲ್ಲ.

ಆಲಿಸ್ ಸ್ಪ್ರಿಂಗ್ಸ್ ದಾಟಿ, ಟೆನಂಟ್ ಕ್ರೀಕಿಗೆ 100 ಕಿ.ಮೀ. ಮೊದಲು ಕಾರ್ಲು ಕಾರ್ಲು ಸಿಗುತ್ತದೆ. ಹಂಪಿ ನೋಡಿದವರಿಗೆ ಈ ಗುಂಡುಬಂಡೆಗಳು ಪರಿಚಿತವೇ, ಏಕೆಂದರೆ ಎರಡನ್ನೂ ಕೆತ್ತಿದ ಕ್ರಿಯೆ ಒಂದೇ. ಗ್ರಾನೈಟಿನಲ್ಲಿ ಅಡ್ಡ–ಉದ್ದ ಬಿರುಕು ಬಿದ್ದು ಚೌಕಗಳಾಗುತ್ತವೆ. ಮಣ್ಣಿನಡಿಯಲ್ಲೇ ಬಿರುಕಿಗೆ ನೀರಿಳಿದು ಕಲ್ಲಿನಲ್ಲಿರುವ ಖನಿಜವಾದ ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸುತ್ತದೆ. ಮುಖಕ್ಕೆ ಒಂದು ಕಡೆಯಿಂದ, ಅಂಚಿಗೆ ಎರಡು, ಮೂಲೆಗೆ ಮೂರು ಕಡೆಯಿಂದ ನೀರು ತಾಗುವುದರಿಂದ ಮೂಲೆಗಳೇ ಮೊದಲು ಸವೆಯುತ್ತವೆ. ಮೇಲಿನ ಮಣ್ಣು ಕೊಚ್ಚಿಹೋದಾಗ ಗುಂಡುಗಳು ಬಯಲಾಗುತ್ತವೆ. ಹಂಪಿಯ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ, ಇಲ್ಲಿಯದು 170 ಕೋಟಿ. ಇಲ್ಲಿನ ಮೂಲನಿವಾಸಿಗಳಾದ ವಾರುಮುಂಗು ಜನರಿಗೆ ಇದು ಪವಿತ್ರ ನೆಲ, ಬಂಡೆ ಹತ್ತಬೇಡಿ.

ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆಯಬಾರದು. ಆಕಾಶದಿಂದ ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ, ನೆರಳೂ ಅಲ್ಲೇ ಇದೆ. ತಲೆಗೆ ದಿನಕ್ಕೆ 5 ಲೀಟರಿನಂತೆ ನೀರು, ಅದರ ಮೇಲೆ ಒಂದೆರಡು ದಿನದ ಹೆಚ್ಚುವರಿ ಇಟ್ಟುಕೊಳ್ಳಿ. ಊರುಗಳಾಚೆ ಮೊಬೈಲ್ ಸಿಗದ ಕಾರಣ ಉಪಗ್ರಹಕ್ಕೆ ಸಂಕೇತ ಕಳಿಸುವ ತುರ್ತು ಬೀಕನ್ ಬಾಡಿಗೆಗೆ ಪಡೆಯಿರಿ. ಮೇಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ; ನವೆಂಬರಿನಿಂದ ಏಪ್ರಿಲ್‌ವರೆಗೆ ಉತ್ತರದ ಕ್ಯಾಥರೀನ್ ಊರಿನ ಆಚೆ ಮಳೆಗೆ ರಸ್ತೆಯ ಮೇಲೇ ನೀರು ಹರಿಯುವುದುಂಟು, ಹೊರಡುವ ಬೆಳಗ್ಗೆ ರಸ್ತೆ ಸ್ಥಿತಿ ವಿಚಾರಿಸಿಕೊಳ್ಳಿ.