ನಡುವೆ ಕೂತ ಹಳೆ ಲೈಬ್ರರಿ

ಕೆಲವು ವರ್ಷಗಳ ಹಿಂದಿನ ಮಾತು. ಸಿಂಧನೂರಿನ ಒಂದು ರೈಸ್ ಮಿಲ್‌ನಲ್ಲಿ ಭತ್ತದ ಲಾರಿ ತೂಗುವ ಸಾಫ್ಟ್‌ವೇರ್ ಆಗಾಗ ಸುಮ್ನೆ ನಿಂತುಬಿಡುತ್ತಿತ್ತು. ಸರ್ವರ್‌ನಲ್ಲಿ ನೋಡಿದರೆ ಚಾಲೂ ಇದೆ ಅಂತಲೇ ತೋರಿಸುತ್ತಿತ್ತು, ಆದರೆ ತೂಕದ ಚೀಟಿ ಬರುತ್ತಿರಲಿಲ್ಲ, ಹೊರಗೆ ಲಾರಿಗಳ ಸಾಲು ಬೆಳೆಯುತ್ತಿತ್ತು. ಗುಮಾಸ್ತರು ಫೋನ್ ಮಾಡಿ "ಅಣ್ಣಾ, ಮತ್ತ ನಿಂತೈತ್ರಿ" ಅನ್ನುತ್ತಿದ್ದರು.

ಅದು ಓಡುತ್ತಿದ್ದದ್ದು ಡಾಕರ್ ಕಂಟೇನರ್ ಒಳಗೆ. ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಸಾಮಾನನ್ನೆಲ್ಲ ಒಂದೇ ಗಂಟು ಕಟ್ಟಿ, ಬೇರೆಯವುಗಳಿಂದ ದೂರ ಇಟ್ಟು ಓಡಿಸುವುದೇ ಕಂಟೇನರ್, ಅದನ್ನು ನಡೆಸುವ ಸಾಫ್ಟ್‌ವೇರ್ ಡಾಕರ್. ಡಾಕರ್‌ನಲ್ಲಿ 2016ರಿಂದ ಹೆಲ್ತ್‌ಚೆಕ್ ಇದೆ. ನಾವು ಬೇರೇನೂ ಹೇಳದಿದ್ದರೆ 30 ಸೆಕೆಂಡಿಗೊಮ್ಮೆ ಪ್ರೋಗ್ರಾಂ ಅನ್ನು ಮಾತಾಡಿಸಿ ನೋಡುತ್ತದೆ, ಸತತ ಮೂರು ಸಲ ಸರಿ ಉತ್ತರ ಬರದಿದ್ದರೆ 'ಆರೋಗ್ಯ ಸರಿಯಿಲ್ಲ' ಎಂದು ಗುರುತು ಹಾಕುತ್ತದೆ. ನಮಗೆ ಬೇಕಾಗಿದ್ದು ಇದೇ.

ಸರ್ವರ್‌ಗಳನ್ನು ನಾನು ಆನ್ಸಿಬಲ್ ಅನ್ನೋ ಸಾಫ್ಟ್‌ವೇರ್‌ನಿಂದ ನಡೆಸುತ್ತೇನೆ. ಏನು ಬೇಕು ಅಂತ ಬರೆದಿಟ್ಟರೆ ಅದೇ ಮಾಡಿಸುತ್ತದೆ. ಹೆಲ್ತ್‌ಚೆಕ್ ಸಾಲು ಬರೆದು ಓಡಿಸಿದೆ. ಕೆಂಪಕ್ಷರದಲ್ಲಿ ಉತ್ತರ ಬಂತು: ಪೈಥಾನ್‌ನ ಡಾಕರ್ ಲೈಬ್ರರಿ ಇರುವುದು 1.10.6, ಹೆಲ್ತ್‌ಚೆಕ್‌ಗೆ ಕನಿಷ್ಠ 2.0.0 ಬೇಕು. ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ, ಲೈಬ್ರರಿ ಅಂದರೆ ಅದರಲ್ಲಿ ಮೊದಲೇ ಬರೆದಿಟ್ಟ ಸಿದ್ಧ ಕೋಡ್.

ಡಾಕರ್ ಹೊಸದು, ಆನ್ಸಿಬಲ್ ಹೊಸದು. ಇಬ್ಬರಿಗೂ ಹೆಲ್ತ್‌ಚೆಕ್ ಗೊತ್ತು. ಆದರೆ ಇಬ್ಬರ ನಡುವೆ ಮಾತು ದಾಟಿಸುವ ಲೈಬ್ರರಿಗೆ ಆ ಪದವೇ ಗೊತ್ತಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ಯಾಂ ತುಂಬಿರುತ್ತದೆ, ಹೊಲವೂ ಸಿದ್ಧ ಇರುತ್ತದೆ, ನಡುವಿನ ಉಪಕಾಲುವೆಯಲ್ಲಿ ಹೂಳು ಕೂತಿದ್ದರೆ ನೀರು ಅಲ್ಲೇ ನಿಲ್ಲುತ್ತದೆ.

ಜಿಪಿಯು (ಗ್ರಾಫಿಕ್ಸ್ ಚಿಪ್) ವಿಷಯದಲ್ಲೂ ಹೀಗೇ ಆಯಿತು. ಡಾಕರ್ 19.03 ಬಂದ 2019ರಲ್ಲೇ ಕಂಟೇನರ್‌ಗೆ ಜಿಪಿಯು ಕೊಡುವ ಸುಲಭ ದಾರಿ ಬಂತು, ಪೈಥಾನ್ ಲೈಬ್ರರಿಗೆ ಅದು ಬಂದಿದ್ದು 2020ರಲ್ಲಿ, 4.3.0 ವರ್ಷನ್‌ನಲ್ಲಿ. ಕೈಯಿಂದ ಕಮಾಂಡ್ ಕೊಟ್ಟರೆ ಆಗುವ ಕೆಲಸ ಆಟೊಮೇಷನ್‌ನಲ್ಲಿ ಆಗುತ್ತಿರಲಿಲ್ಲ.

ಲೈಬ್ರರಿ ಅಷ್ಟು ಹಳೆಯದಾಗಿ ಉಳಿದದ್ದು ಯಾಕೆ? ಆ ಸರ್ವರ್‌ನಲ್ಲಿ ಸೆಂಟ್‌ಓಎಸ್ 7 ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇತ್ತು. 2014ರಲ್ಲಿ ಬಂದ ಇದಕ್ಕೆ 2024ರ ಜೂನ್ 30ರವರೆಗೆ ಬೆಂಬಲ ಇತ್ತು. ಅಷ್ಟು ವರ್ಷ ಏನೂ ಕೆಡಬಾರದು ಅಂತ ಇಂಥ ಸಿಸ್ಟಮ್ ಕೊಡುವವರು ಅದರ ಜೊತೆ ಬರುವ ಸಾಫ್ಟ್‌ವೇರ್ ಪ್ಯಾಕೇಜುಗಳ ವರ್ಷನ್ ಹೆಚ್ಚು ಬದಲಿಸುವುದಿಲ್ಲ. ಇದು ಸೋಮಾರಿತನ ಅಲ್ಲ, ಕೊಟ್ಟ ಮಾತು ಉಳಿಸಿಕೊಳ್ಳುವುದು. ಹಾಗಂತ ಎಲ್ಲವನ್ನೂ ಕಣ್ಣುಮುಚ್ಚಿ ಅಪ್‌ಡೇಟ್ ಮಾಡಿದರೂ ಕಷ್ಟವೇ. 2024ರ ಮೇ ತಿಂಗಳಲ್ಲಿ ರಿಕ್ವೆಸ್ಟ್ಸ್ ಅನ್ನೋ ಇನ್ನೊಂದು ಲೈಬ್ರರಿಯ 2.32 ಬಂದಾಗ ಡಾಕರ್ ಲೈಬ್ರರಿಯೇ ಕೆಲಸ ನಿಲ್ಲಿಸಿತ್ತು, 7.1.0 ಬಂದ ಮೇಲೆ ಸರಿಹೋಯಿತು.

ನನಗೆ ಹೆಚ್ಚು ಹೊತ್ತು ತಿಂದದ್ದು ಬೇರೆಯೇ. ಮೊದಲು ನನ್ನ ಲ್ಯಾಪ್‌ಟಾಪ್‌ನಲ್ಲಿ ಲೈಬ್ರರಿ ಬದಲಿಸಿದೆ. ಏನೂ ಆಗಲಿಲ್ಲ, ಯಾಕೆಂದರೆ ಆನ್ಸಿಬಲ್‌ನ ಡಾಕರ್ ಮಾಡ್ಯೂಲ್ (ಡಾಕರ್ ಕೆಲಸ ಮಾಡುವ ಅದರ ಸಣ್ಣ ಪ್ರೋಗ್ರಾಂ) ಓಡುವುದು ಆಚೆಯ ಸರ್ವರ್‌ನಲ್ಲಿ, ಅದು ಹುಡುಕುವುದೂ ಅಲ್ಲಿರುವ ಪೈಥಾನ್‌ನ ಲೈಬ್ರರಿಯನ್ನೇ. ಸರ್ವರ್‌ನಲ್ಲಿ ಹೊಸದು ಹಾಕಿದರೆ ಇನ್ನೊಂದು ತೊಡಕು. ಹಳೆಯದರ ಹೆಸರು ಡಾಕರ್‌ಪೈ, 2.0ರಿಂದ ಹೆಸರು ಬರೀ ಡಾಕರ್. ಹೆಸರು ಬೇರೆ, ಆದರೆ ಎರಡೂ ಫೈಲುಗಳನ್ನು ಇಡುವುದು ಒಂದೇ ಫೋಲ್ಡರ್‌ನಲ್ಲಿ! ಎರಡೂ ಇದ್ದರೆ ಕಲಸುಮೇಲೋಗರ, ಒಂದನ್ನು ತೆಗೆದರೆ ಇನ್ನೊಂದೂ ಮುರಿಯುತ್ತದೆ. ಎರಡನ್ನೂ ತೆಗೆದು, ಆಮೇಲೆ ಹೊಸದೊಂದನ್ನೇ ಹಾಕಬೇಕು.

ಈ ಕಷ್ಟ ಆನ್ಸಿಬಲ್ ಮಂದಿಗೂ ಗೊತ್ತಿತ್ತು. 2022ರಲ್ಲಿ ಬಂದ ಡಾಕರ್ ಕಲೆಕ್ಷನ್ (ಇಂಥ ಮಾಡ್ಯೂಲ್‌ಗಳ ಕಟ್ಟು) 3.0.0ರಲ್ಲಿ ಬೇಕಾದ ಕೋಡ್ ಅನ್ನು ಅದರೊಳಗೇ ಸೇರಿಸಿದರು, ಹಾಗಾಗಿ ಹೆಚ್ಚಿನ ಮಾಡ್ಯೂಲ್‌ಗಳಿಗೆ ಈ ಲೈಬ್ರರಿ ಬೇಡವೇ ಆಯಿತು. ಹಳೆ ಸರ್ವರ್ ನೋಡಿಕೊಳ್ಳುವವರಿಗೆ ಇದು ದೊಡ್ಡ ಉಪಕಾರ.

ಮಿಲ್‌ನಲ್ಲಿ ಎರಡನ್ನೂ ತೆಗೆದು ಒಂದನ್ನೇ ಹಾಕಿದ ಮೇಲೆ ಹೆಲ್ತ್‌ಚೆಕ್ ಕೂತಿತು. ಡಾಕರ್ ಗುರುತು ಹಾಕುತ್ತದೆ ಅಷ್ಟೇ, ತಾನಾಗಿ ರೀಸ್ಟಾರ್ಟ್ ಮಾಡಲ್ಲ. ಅದಕ್ಕೆ ಗುರುತು ನೋಡಿ ಎಬ್ಬಿಸುವ ಸಣ್ಣ ಸ್ಕ್ರಿಪ್ಟ್ ಒಂದನ್ನು ಬರೆದೆ. ಮುಂದಿನ ಸುಗ್ಗಿಯಲ್ಲಿ ಲಾರಿಗಳು ನಿಲ್ಲದೆ ತೂಗಿ ಹೋದವು.