ಹಗಿನ್ಸ್ ಅಳೆದು ನೋಡಿದ್ದು

ಬದಿಯಡ್ಕದ ಹತ್ತಿರ, ನಮ್ಮ ನೆರೆಕರೆಯ ಅಡಿಕೆ ಕೃಷಿಕರೊಬ್ಬರು ಎಂಬತ್ತು ದಾಟಿದ ವಯಸ್ಸಿನಲ್ಲಿ ಮೂರು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಾರೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನೆಲುಬಿಗೆ ಹರಡಿದ ಮೇಲೆ ಶುರುವಾದ ಮದ್ದು ಅದು. ಅವರ ಫೈಲಿನ ಮೊದಲ ಹಾಳೆಯಲ್ಲಿ ಮೂರಂಕಿಯಲ್ಲಿದ್ದ, ರಕ್ತದಲ್ಲಿ ಈ ರೋಗದ ಏರಿಳಿತ ತೋರಿಸುವ ಪಿಎಸ್‌ಎ ಕೆಲವು ಹಾಳೆ ಮಗುಚುವಷ್ಟರಲ್ಲಿ ಒಂದಕ್ಕಿಂತ ಕೆಳಗಿಳಿದಿದೆ. "ಅಲ್ಲ ಮಾಷ್ಟ್ರೇ, ಆ ಸೂಜಿ ಒಳಗೆ ಮಾಡುವುದಾದರೂ ಎಂತ?" ಎಂದು ಅವರು ಕೇಳಿದಾಗ ನನಗೆ ಈ ಚಿಕಿತ್ಸೆಗೆ ಬುನಾದಿ ಹಾಕಿದ ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್ ಅವರಿಂದಲೇ ಆರಂಭಿಸಬೇಕಾಯಿತು.

ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ 1901ರಲ್ಲಿ ಹುಟ್ಟಿದ ಹಗಿನ್ಸ್ 1927ರಲ್ಲಿ ಶಿಕಾಗೋ ವಿಶ್ವವಿದ್ಯಾಲಯ ಸೇರಿದಾಗ ಮೂತ್ರರೋಗಶಾಸ್ತ್ರ ಅವರಿಗೆ ಹೊಸ ವಿಷಯವಾಗಿತ್ತು. ಬಹುಮಟ್ಟಿಗೆ ತಾವೇ ಓದಿಕೊಂಡು ಕಲಿತರು. ಬೀಜ ಒಡೆಸಿದ ಹೋರಿಗೆ ಗೂಳಿಯ ಮೈಕಟ್ಟು ಬರುವುದಿಲ್ಲವೆಂಬುದು ಬೇಸಾಯದ ಮನೆಗಳಲ್ಲಿ ಯಾರಿಗೂ ಹೊಸದಲ್ಲ. ವೃಷಣ ತೆಗೆದರೆ ಪ್ರಾಸ್ಟೇಟ್ ಕುಗ್ಗುತ್ತದೆಂಬುದನ್ನು ವೈದ್ಯರೂ ಹದಿನೆಂಟನೆಯ ಶತಮಾನದಲ್ಲೇ ಗಮನಿಸಿದ್ದರು. ಹಗಿನ್ಸ್ ಅವರ ಹೆಚ್ಚುಗಾರಿಕೆ ಇರುವುದು ಅದನ್ನು ಅಳತೆಗೆ ತಂದುದರಲ್ಲಿ. ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಮೂತ್ರವನ್ನು ಬೇರೆ ದಾರಿಗೆ ತಿರುಗಿಸಿ, ಪ್ರಾಸ್ಟೇಟಿನ ಸ್ರಾವ ಮಾತ್ರ ಹೊರಬರುವಂತೆ ಮಾಡಿದ ಅವರು ಅದು ಎಷ್ಟು ಮಿಲಿಲೀಟರ್ ಎಂಬುದನ್ನು ತಿಂಗಳುಗಟ್ಟಲೆ ಬರೆದಿಟ್ಟರು. ವೃಷಣ ತೆಗೆದಾಗ ಸ್ರಾವ ಬತ್ತಿತು. ಪುರುಷ ಹಾರ್ಮೋನಾದ ಟೆಸ್ಟೋಸ್ಟಿರೋನ್ ಕೊಟ್ಟಾಗ ಮರಳಿತು. ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ ಕೊಟ್ಟಾಗ ಮತ್ತೆ ಇಳಿಯಿತು. ಮುದಿ ನಾಯಿಗಳಿಗೂ ಮನುಷ್ಯರಂತೆ ಪ್ರಾಸ್ಟೇಟ್ ತಾನಾಗಿ ಬೆಳೆಯುವುದುಂಟು. ಅಂಥ ಗೆಡ್ಡೆಗಳೂ ಈ ಉಪಾಯದಿಂದ ಕುಗ್ಗಿದುದನ್ನು ಅವರು ಕಂಡರು.

ರೋಗಿಯ ಒಳಗೆ ಇದನ್ನು ಅಳೆಯುವುದು ಹೇಗೆ? ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದವರ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಏರುತ್ತದೆಂದು ಗಟ್‌ಮನ್ ದಂಪತಿ 1938ರಲ್ಲಿ ತಿಳಿಸಿದ್ದರು. ಹಗಿನ್ಸ್ ತಮ್ಮ ಶಿಷ್ಯ ಕ್ಲಾರೆನ್ಸ್ ಹಾಜಸ್ ಜೊತೆಗೂಡಿ ಅದನ್ನೇ ಅಳತೆಗೋಲು ಮಾಡಿಕೊಂಡು, ವೃಷಣ ತೆಗೆದಾಗ ಅಥವಾ ಈಸ್ಟ್ರೋಜನ್ ಕೊಟ್ಟಾಗ ಕಿಣ್ವ ಇಳಿಯುವುದನ್ನೂ ಟೆಸ್ಟೋಸ್ಟಿರೋನ್ ಕೊಟ್ಟಾಗ ಏರುವುದನ್ನೂ 1941ರಲ್ಲಿ ಪ್ರಕಟಿಸಿದರು. ಮೂಳೆನೋವಿನಿಂದ ಹಾಸಿಗೆ ಹಿಡಿದವರಲ್ಲಿ ಹಲವರಿಗೆ ನೋವು ಕೆಲವೇ ದಿನಗಳಲ್ಲಿ ತಗ್ಗಿತು. ಕ್ಯಾನ್ಸರಿನ ಕೋಶ ದೇಹದ ಯಾವ ಹತೋಟಿಗೂ ಸಿಗದೆ ಬೆಳೆಯುತ್ತದೆಂದು ನಂಬಿದ್ದ ಕಾಲದಲ್ಲಿ, ಅದು ಕೂಡ ಹಾರ್ಮೋನಿನ ಹಂಗಿನಲ್ಲಿರಬಹುದೆಂದು ತೋರಿಸಿದ್ದು ಸಣ್ಣ ಮಾತಲ್ಲ. ನೊಬೆಲ್ ಪ್ರಶಸ್ತಿ ಬಂದದ್ದು ಮಾತ್ರ 25 ವರ್ಷ ಕಳೆದು, 1966ರಲ್ಲಿ.

ಇನ್ನು ಸೋತ ಪ್ರಯೋಗದ ಮಾತು. ನನಗೆ ಹೆಚ್ಚು ಹಿಡಿಸುವುದು ಅದೇ. ವೃಷಣವಿಲ್ಲದಿದ್ದರೂ ಕೆಲವು ಸಮಯದ ಬಳಿಕ ರೋಗ ಮರುಕಳಿಸುತ್ತಿತ್ತು. ಉಳಿದ ಹಾರ್ಮೋನು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಬರುತ್ತಿರಬೇಕೆಂದು ತರ್ಕಿಸಿದ ಹಗಿನ್ಸ್, ವಿಲಿಯಂ ಸ್ಕಾಟ್ ಜೊತೆ ಆ ಗ್ರಂಥಿಗಳನ್ನೂ ತೆಗೆದು 1945ರಲ್ಲಿ ವರದಿ ಮಾಡಿದರು. ಅಡ್ರಿನಲ್ ಹಾರ್ಮೋನಿಗೆ ಬದಲಿಯಾಗಬಲ್ಲ ಕಾರ್ಟಿಸೋನ್ ಔಷಧಿಯಾಗಿ ಸಿಗದಿದ್ದ ಆ ಕಾಲದಲ್ಲಿ ಅಡ್ರಿನಲ್ ಇಲ್ಲದೆ ಬದುಕುವುದೇ ಕಷ್ಟವಾಗಿತ್ತು. ಪ್ರಯೋಗ ಆ ಕಾಲಕ್ಕೆ ಫಲಿಸಲಿಲ್ಲ. ಆದರೆ 2011ರಲ್ಲಿ ಅಮೆರಿಕದಲ್ಲಿ ಮಂಜೂರಾದ ಅಬಿರಾಟೆರೋನ್ ಮಾತ್ರೆ ಅಡ್ರಿನಲ್‌ನಲ್ಲೂ ಗೆಡ್ಡೆಯ ಒಳಗೂ ತಯಾರಾಗುವ ಇದೇ ಪುರುಷ ಹಾರ್ಮೋನುಗಳನ್ನು ತಡೆಯುತ್ತದೆ, ಮತ್ತು ಅದರ ಜೊತೆಗೆ ಕಾರ್ಟಿಸೋನಿನ ಬಂಧುವಾದ ಪ್ರೆಡ್ನಿಸೋಲೋನನ್ನು ತಪ್ಪದೆ ಕೊಡುತ್ತಾರೆ. ಒಬ್ಬ ಸಂಶೋಧಕನ ಪ್ರಭಾವವನ್ನು ಎಷ್ಟು ಮಂದಿ ಅವನನ್ನು ಉಲ್ಲೇಖಿಸಿದರೆಂಬ ಲೆಕ್ಕದಲ್ಲಿ ಹೇಳುವ ರೂಢಿಯುಂಟು. ಆ ಲೆಕ್ಕಕ್ಕೆ ಇಂಥದ್ದು ಸಿಕ್ಕುವುದಿಲ್ಲ.

ನೆರೆಯವರ ಇಂಜೆಕ್ಷನ್ನಿಗೆ ದಾರಿಯಾದದ್ದು ಆಂಡ್ರ್ಯೂ ಶ್ಯಾಲಿ ಮತ್ತು ಸಂಗಡಿಗರು 1971ರಲ್ಲಿ ರಚನೆ ಬಿಡಿಸಿದ ಮೆದುಳಿನ ಒಂದು ಹಾರ್ಮೋನು. ಇಂಜೆಕ್ಷನ್ನಿನಲ್ಲಿರುವುದು ಅದರ ನಕಲು. ಆ ಹಾರ್ಮೋನು ಬಿಟ್ಟುಬಿಟ್ಟು ಬಂದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣವನ್ನು ಎಬ್ಬಿಸುತ್ತದೆ. ಇಂಜೆಕ್ಷನ್ನಿನಿಂದ ಆಗುವಂತೆ ಬಿಡದೆ ಬರುತ್ತಿದ್ದರೆ ಮೊದಲೆರಡು ವಾರ ಗಡಿಬಿಡಿ ಮಾಡಿ ಆಮೇಲೆ ಸುಮ್ಮನಾಗುತ್ತದೆ. ಕತ್ತಿಯಿಲ್ಲದೆ ಹಗಿನ್ಸ್ ಅವರ ಕೆಲಸವೇ ನಡೆಯಿತೆನ್ನಬೇಕು. ಇದಕ್ಕೆ ತೆರುವ ಬೆಲೆಯೂ ಅದೇ: ಮೂಳೆ ಸವೆಯುತ್ತದೆ, ತ್ರಾಣ ಕುಗ್ಗುತ್ತದೆ, ಆಟಿಯ ಮಳೆಯಲ್ಲೂ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ.

ಇಷ್ಟನ್ನೂ ಕೇಳಿಸಿಕೊಂಡ ನೆರೆಯವರು ಹೆಗಲ ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡು, "ಆ ನಾಯಿಗಳಿಗೂ ಹೀಗೇ ಬೆವರಿತ್ತೋ ಏನೋ" ಎಂದರು.