ಕುಕ್ಕರ್ ಕೂಗಿದ್ದು ಎರಡಾ, ಮೂರಾ?

ಓದುಗರ ಪ್ರಶ್ನೆ: ಅಡುಗೆ ಮಾಡುವಾಗ ನನಗೆ ಹಾಡು ಬೇಕೇ ಬೇಕು. ಆದರೆ ಹಾಡು ಹಾಕಿದ ದಿನ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನೋ ಲೆಕ್ಕ ತಪ್ಪುತ್ತೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅನ್ನೋದೂ ನೆನಪಿರಲ್ಲ. ನಮ್ಮತ್ತೆ "ಹಾಡು ಬೇಕಾ, ಸಾರು ಬೇಕಾ" ಅಂತ ಕೇಳ್ತಾರೆ. ಅಡುಗೆಗೆ ಹೊಂದುವ ಹಾಡು ಅಂತ ಏನಾದ್ರೂ ಇದೆಯಾ?

ಉತ್ತರ: ಎರಡೂ ಬೇಕು ಅಂತ ಅತ್ತೆಯವರಿಗೆ ಧೈರ್ಯವಾಗಿ ಹೇಳಿ. ತಪ್ಪು ಹಾಡಿನದಲ್ಲ. ಯಾವ ಹೊತ್ತಿಗೆ ಹಾಡು, ಯಾವ ಹೊತ್ತಿಗೆ ಬೇಡ ಅನ್ನುವುದರಲ್ಲಿ ಎಡವಟ್ಟಾಗುತ್ತಿದೆ ಅಷ್ಟೇ. ಅಡುಗೆಯಲ್ಲಿ ಕೈ ಮಾಡುವ ಕೆಲಸ ಬೇರೆ, ಕಿವಿ ಮಾಡುವ ಕೆಲಸ ಬೇರೆ. ಕೈಗೆ ಕೆಲಸವಿದ್ದಾಗ ಎಷ್ಟು ಬೇಕಾದರೂ ಹಾಡು ಹಾಕಿ. ಕಿವಿಗೆ ಕೆಲಸ ಬಂದಾಗ ನಿಲ್ಲಿಸಿ. ಇಷ್ಟೇ ನನ್ನ ಸೂತ್ರ. ಆದರೆ ಕಿವಿಗೆ ಕೆಲಸ ಯಾವಾಗ ಬರುತ್ತೆ ಅನ್ನುವುದು ಸ್ವಲ್ಪ ಹೇಳಬೇಕಾದ ವಿಷಯ.

ಮೊದಲು ಕುಕ್ಕರ್ ವಿಚಾರ ಮುಗಿಸೋಣ. ಲೆಕ್ಕ ಇಡುವಾಗ ನಾವು ಒಳಗೊಳಗೇ "ಒಂದು... ಎರಡು..." ಅಂದುಕೊಳ್ಳುತ್ತೇವೆ. ತುಟಿ ಅಲುಗದಿದ್ದರೂ ಅದು ಮಾತೇ. ಅದೇ ಹೊತ್ತಿಗೆ ಹಾಡಿನ ಸಾಲು ಕಿವಿಗೆ ಬಿದ್ದರೆ ಒಳಗಿನ ಮಾತಿಗೂ ಹೊರಗಿನ ಮಾತಿಗೂ ನೂಕಾಟ. ಮನಶ್ಶಾಸ್ತ್ರದವರು ಇದನ್ನು 1970ರ ದಶಕದಿಂದ ಪರೀಕ್ಷೆ ಮಾಡುತ್ತ ಬಂದಿದ್ದಾರೆ. ಅಂಕಿಗಳನ್ನು ಸಾಲಾಗಿ ನೆನಪಿಟ್ಟುಕೊಳ್ಳುವವರ ಪಕ್ಕದಲ್ಲಿ ಮಾತು ಕೇಳಿಸಿದರೆ ತಪ್ಪು ಜಾಸ್ತಿ ಆಗುತ್ತೆ. ಫ್ಯಾನಿನಂಥ ಒಂದೇ ಸಮನೆಯ ಸದ್ದಿಗೆ ಅಷ್ಟು ಆಗಲ್ಲ. ಮಾತಿನ ಅರ್ಥ ಗೊತ್ತಿರಬೇಕು ಅಂತಲೂ ಇಲ್ಲ. ಹಾಗಾಗಿ ಗೊತ್ತಿಲ್ಲದ ಭಾಷೆಯ ಹಾಡು ಹಾಕಿ ಪಾರಾಗುತ್ತೇನೆ ಅಂದುಕೊಳ್ಳಬೇಡಿ. ನಾನು ಅದನ್ನೂ ಮಾಡಿ ನೋಡಿ, ಬೇಳೆ ತಳ ಹಿಡಿಸಿದ್ದೇನೆ.

ಹಾಡು ಬಿಡಬೇಡಿ. ಲೆಕ್ಕವನ್ನು ತಲೆಯಿಂದ ಕೈಗೆ ಇಳಿಸಿ. ಒಲೆ ಪಕ್ಕದಲ್ಲಿ ನಾಲ್ಕು ಬೆಳ್ಳುಳ್ಳಿ ಎಸಳು ಇಟ್ಟುಕೊಳ್ಳಿ. ಒಂದು ಕೂಗಿಗೆ ಒಂದು ಎಸಳನ್ನು ಆಚೆ ಸರಿಸಿ. ಹೊರಗೆ ಯಾರೋ ಬೆಲ್ ಮಾಡಿದರು, ಬಾಗಿಲು ತೆಗೆದು ಬಂದಿರಿ ಅಂದರೂ ಎಸಳು ಅಲ್ಲೇ ಇರುತ್ತೆ. ಆಮೇಲೆ ಅದು ಒಗ್ಗರಣೆಗೆ ಆಯಿತು.

ಇನ್ನೊಂದು ದಾರಿ ನನಗೆ ಇದಕ್ಕಿಂತ ಇಷ್ಟ. ಕೂಗುಗಳನ್ನು ಎಣಿಸುವುದನ್ನೇ ಬಿಟ್ಟು, ಹಾಡುಗಳನ್ನು ಎಣಿಸುವುದು. ಮೊದಲ ವಿಷಲ್ ಬಂದ ಮೇಲೆ ಉರಿ ಸಣ್ಣ ಮಾಡಿ ಇಂತಿಷ್ಟು ನಿಮಿಷ ಬಿಡುವುದು ವಿಷಲ್ ಎಣಿಸುವುದಕ್ಕಿಂತ ನಂಬಿಕೆಯ ಕ್ರಮ. ಆ ನಿಮಿಷಗಳನ್ನು ಹಾಡಿನಲ್ಲಿ ಅಳೆಯಬಹುದು. ಹಳೇ ಚಿತ್ರಗೀತೆ ಒಂದು ಮೂರೂವರೆ ನಾಲ್ಕು ನಿಮಿಷ ಅಂತ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅಕ್ಕಿಗೆ ಮೊದಲ ಕೂಗಿನ ನಂತರ ಒಂದೂವರೆ ಹಾಡು, ತೊಗರಿಬೇಳೆಗೆ ಮೂರು. ನಿಮ್ಮ ಕುಕ್ಕರ್, ನಿಮ್ಮ ಬೇಳೆ, ನಿಮ್ಮ ನೀರಿಗೆ ಬೇರೆ ಇರಬಹುದು. ಎರಡು ದಿನ ನೋಡಿಕೊಂಡರೆ ಗೊತ್ತಾಗುತ್ತೆ.

ಹಾಡಿಗೆ ಈ ಮೂರ್ನಾಲ್ಕು ನಿಮಿಷದ ಅಳತೆ ಎಲ್ಲಿಂದ ಬಂತು ಅನ್ನೋದು ಅಡುಗೆಗೆ ಸಂಬಂಧವಿಲ್ಲದ ಮಾತು, ಆದರೂ ಹೇಳುತ್ತೇನೆ. ಹಳೇ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದಷ್ಟೇ ಹಿಡಿಸುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡಾಗ, ಗಂಟೆಗಟ್ಟಲೆ ಹಿಗ್ಗಬಲ್ಲ ಸಂಗೀತವನ್ನು ಆಕೆ ಆ ಮೂರು ನಿಮಿಷದಲ್ಲಿ ಕೂರಿಸಿದರು. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ತಟ್ಟೆ ಹೋಯಿತು, ಕ್ಯಾಸೆಟ್ ಬಂತು, ಅದೂ ಹೋಯಿತು. ಹಾಡಿನ ಅಳತೆ ಮಾತ್ರ ಅದರ ಆಸುಪಾಸಿನಲ್ಲೇ ಉಳಿಯಿತು. ನನ್ನ ಅನ್ನಕ್ಕೆ ಅದು ಅನುಕೂಲವಾಗಿದೆ.

ಹಾಡಿನಿಂದ ಹೊತ್ತು ಅಳೆಯುವುದು ಹೊಸದೂ ಅಲ್ಲ. ನಮ್ಮಮ್ಮನಿಗೆ ಅಡುಗೆಮನೆಯಲ್ಲಿ ಗಡಿಯಾರ ಇರಲಿಲ್ಲ, ರೇಡಿಯೋ ಇತ್ತು. ಕಸೂತಿ ಬಟ್ಟೆ ಹೊದ್ದುಕೊಂಡು ಡಬ್ಬಿಗಳ ಸಾಲಿನಲ್ಲಿ ಅದೂ ಒಂದು ಡಬ್ಬಿಯಂತೆ ಕೂತಿರುತ್ತಿತ್ತು. ಬೆಳಿಗ್ಗೆ 6:55ಕ್ಕೆ "ಇಯಂ ಆಕಾಶವಾಣೀ" ಅಂತ ಸಂಸ್ಕೃತ ವಾರ್ತೆ ಶುರುವಾಗುವ ಹೊತ್ತಿಗೆ ಅನ್ನಕ್ಕೆ ಇಟ್ಟಿರಬೇಕು. ವಾರ್ತೆ ಅರ್ಥವಾಗಲಿ ಬಿಡಲಿ, ಅನ್ನ ಸರಿಯಾಗಿ ಆಗುತ್ತಿತ್ತು. ಚಿತ್ರಗೀತೆ ಬರುವಾಗ ನಮ್ಮ ಡಬ್ಬಿ ತುಂಬಿರಬೇಕು. ತಡವಾದರೆ "ಆಗಲೇ ಎರಡನೇ ಹಾಡು ಬಂತು, ಇನ್ನೂ ತಲೆ ಬಾಚಿಲ್ಲವಾ" ಅಂತ ಬೈಗುಳ. ಅಂದಹಾಗೆ, ಆಕಾಶವಾಣಿ ಅನ್ನೋ ಹೆಸರಿನಲ್ಲಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ ಎಂ. ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಮೇಷ್ಟ್ರು. ನಿಮ್ಮ ವಿಷಲ್ ಸಮಸ್ಯೆಯನ್ನು ಅವರು ನನಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತಿದ್ದರೇನೋ.

ಈಗ ಕಿವಿಯ ಕೆಲಸಕ್ಕೆ ಬರೋಣ. ನಮ್ಮ ಅಡುಗೆಯಲ್ಲಿ ಕಿವಿ ಎಷ್ಟು ದುಡಿಯುತ್ತೆ ಅಂತ ನಾವು ಗಮನಿಸಿರುವುದೇ ಇಲ್ಲ. ಒಗ್ಗರಣೆ ನೋಡಿ. ಸಾಸಿವೆ ಕಾಳಿನೊಳಗಿನ ತೇವ ಕಾದ ಎಣ್ಣೆಯಲ್ಲಿ ಆವಿಯಾಗಿ, ಹೊಟ್ಟು ಒಡೆದು ಹೊರಗೆ ಬರುತ್ತೆ. ಚಟಪಟ ಅನ್ನೋದು ಅದೇ. ಶುರುವಿಗೆ ಒಂದೆರಡು, ಆಮೇಲೆ ಒಂದೇ ಸಮನೆ, ಕೊನೆಗೆ ಮತ್ತೆ ಬಿಡಿಬಿಡಿಯಾಗಿ. ಹಾಗೆ ಬಿಡಿಯಾಗುವ ಹೊತ್ತಿಗೆ ಕರಿಬೇವು ಬೀಳಬೇಕು. ತಡವಾದರೆ ಸಾಸಿವೆ ಕಹಿ. ಅನುಭವ ಇರುವವರು ಇದನ್ನು ನೋಡಿ ಮಾಡಲ್ಲ, ಬೆನ್ನು ತಿರುಗಿಸಿಕೊಂಡು ಈರುಳ್ಳಿ ಹೆಚ್ಚುತ್ತಲೇ ಕೇಳಿ ಮಾಡುತ್ತಾರೆ.

ವಡೆ, ಬೋಂಡ ಕರಿಯುವಾಗಲೂ ಅಷ್ಟೇ. ಹಿಟ್ಟಿನ ನೀರು ಆವಿಯಾಗುವವರೆಗೂ ಬಾಣಲೆ ಜೋರಾಗಿ ಮಾತಾಡುತ್ತೆ. ನೀರು ಕಡಿಮೆಯಾದಂತೆ ಗುಳ್ಳೆ ಕಡಿಮೆ, ಸದ್ದೂ ಇಳಿಯುತ್ತೆ. ಆಗ ತೆಗೆಯಬೇಕು. ರವೆ ಹುರಿಯುವಾಗ ಶುರುವಿನಲ್ಲಿ ಸದ್ದು ಮಂದ, ಹದಕ್ಕೆ ಬಂದಾಗ ಒಣ ಮರಳಿನ ಹಾಗೆ ಸರಸರ. ಕಾವಲಿಗೆ ಎರಡು ಹನಿ ನೀರು ಚಿಮುಕಿಸಿದರೆ ಬರುವ ಚುಂಯ್ ಕೂಡ ಒಂದು ಅಳತೆಯೇ. ಹನಿ ಸುಮ್ನೆ ಕೂತು ಕುದಿದರೆ ದೋಸೆಗೆ ಇನ್ನೂ ಕಾಯಬೇಕು.

ಅದಕ್ಕೇ ನನ್ನ ಒಂದು ಹಟ: ಒಗ್ಗರಣೆಗೆ ಹಾಡಿಲ್ಲ. ಅರ್ಧ ನಿಮಿಷದ ಮಾತು. ಎಷ್ಟೇ ಒಳ್ಳೆಯ ಚರಣ ಬರುತ್ತಿದ್ದರೂ ನಿಲ್ಲಿಸಿ. ಕಿವಿಯೊಳಗೆ ತುರುಕುವ, ಹೊರಗಿನ ಸದ್ದನ್ನೆಲ್ಲ ನುಂಗುವ ಇಯರ್‌ಬಡ್ ಹಾಕಿಕೊಂಡು ಅಡುಗೆ ಮಾಡಬೇಡಿ. ಹಾಗೆ ಮಾಡುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಡುಗೆ ಮಾಡಿದ ಹಾಗೆ. ಹಾಲಿನ ವಿಷಯದಲ್ಲಿ ಮಾತ್ರ ಕಿವಿಯನ್ನು ನಂಬಬೇಡಿ. ಅದು ಉಕ್ಕುವವರೆಗೂ ಸದ್ದೇ ಮಾಡಲ್ಲ. ಉಕ್ಕಿದ ಮೇಲೆ ಬರುವ ಸದ್ದಿನಿಂದ ಏನೂ ಪ್ರಯೋಜನವಿಲ್ಲ.

ಇನ್ನು ಕೈ ಕೆಲಸ. ಇಲ್ಲಿ ಹಾಡಿಗೆ ನಿಜವಾದ ಜಾಗ ಇದೆ. ಆ ಜಾಗ ಎಷ್ಟು ಹಳೆಯದು ಅಂತ ನಿಮ್ಮ ಅತ್ತೆಯವರಿಗೆ ಗೊತ್ತಿರಬಹುದು. ಗಿರಣಿ ಬರುವ ಮುಂಚೆ ಕೋಳಿ ಕೂಗುವ ಹೊತ್ತಿಗೆ ಎದ್ದು, ಇಬ್ಬರು ಹೆಂಗಸರು ಎದುರುಬದುರು ಕೂತು ರಾಗಿಯನ್ನೋ ಜೋಳವನ್ನೋ ಬೀಸುತ್ತಿದ್ದರು. ಬೀಸುಕಲ್ಲಿನ ಒಂದೇ ಗೂಟ, ಇಬ್ಬರ ಕೈ. ತಿರುಗುವ ವೇಗ ಇಬ್ಬರಿಗೂ ಒಂದೇ ಇರಬೇಕು. ಹಾಡು ಆ ಕೆಲಸ ಮಾಡುತ್ತಿತ್ತು. ಮೂರು ಸಾಲಿನ ತ್ರಿಪದಿಗೆ ಕಲ್ಲಿನ ಸುತ್ತೇ ತಾಳ. ತವರು, ಅಣ್ಣ, ಮಗು, ಗಂಡನ ಕೋಪ, ಮಾದೇವ, ಎಲ್ಲ ಅದರಲ್ಲಿ ಬರುತ್ತಿತ್ತು. ಬೀಸುವ ಪದ, ಕುಟ್ಟುವ ಪದ ಅಂತ ಕೆಲಸದ ಹೆಸರೇ ಹಾಡಿಗೂ ಹೆಸರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕೇಳಿ ಕೇಳಿ ಬರೆದುಕೊಂಡು 1931ರಲ್ಲಿ "ಗರತಿಯ ಹಾಡು" ಅಂತ ಪುಸ್ತಕ ಮಾಡಿದರು. ಹಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ. ಹಿಟ್ಟು ತಿಂದವರಿಗೂ ಗೊತ್ತಿರಲಿಕ್ಕಿಲ್ಲ.

ಗಮನಿಸಿ, ಅವರಿಗೆ ಹಾಡು ಪಕ್ಕದಲ್ಲಿ ಹಾಕಿಟ್ಟ ವಸ್ತು ಅಲ್ಲ. ಕೆಲಸ ಮಾಡುತ್ತಿದ್ದವರೇ ಹಾಡುತ್ತಿದ್ದರು, ಹಾಡು ಕೆಲಸದ ವೇಗದಲ್ಲಿ ಹೋಗುತ್ತಿತ್ತು. ನಾವು ಈಗ ಉಲ್ಟಾ ಮಾಡಿದ್ದೇವೆ. ಹಾಡು ಯಾರೋ ಹಾಡಿಟ್ಟಿದ್ದು, ಅದರ ವೇಗಕ್ಕೆ ನಮ್ಮ ಕೈ ಹೋಗುತ್ತೆ. ಇದು ಸುಮ್ನೆ ಮಾತಲ್ಲ. ಅಮೆರಿಕದ ರೊನಾಲ್ಡ್ ಮಿಲ್ಲಿಮನ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೂಪರ್‌ಮಾರ್ಕೆಟ್ ಒಳಗೆ ನಿಧಾನದ ಸಂಗೀತ ಹಾಕಿದಾಗ ಜನ ನಿಧಾನವಾಗಿ ನಡೆದರು, ಬೇಗದ್ದು ಹಾಕಿದಾಗ ಬೇಗ ನಡೆದರು. ಅಂಗಡಿಯಲ್ಲಿ ಕಾಲಿಗೆ ಆದದ್ದು ಅಡುಗೆಮನೆಯಲ್ಲಿ ಕೈಗೂ ಆಗುತ್ತೆ. ಕುಣಿಸುವ ಹಾಡಿಗೆ ಬೀನ್ಸ್ ಹೆಚ್ಚಿ ನೋಡಿ. ಬೀನ್ಸ್ ಬೇಗ ಮುಗಿಯುತ್ತೆ, ಜೊತೆಗೆ ಬೆರಳಿನ ತುದಿಯೂ ಸ್ವಲ್ಪ ಮುಗಿಯಬಹುದು. ಚಾಕು, ಈಳಿಗೆಮಣೆ, ತುರಿಮಣೆ ಹತ್ತಿರ ಇರುವಾಗ ನನಗೆ ಭಾವಗೀತೆಯ ನಡಿಗೆ ಸಾಕು. ಚಪಾತಿ ಲಟ್ಟಿಸುವಾಗ ಬೇಕಾದರೆ ಕುಣಿಸುವ ಹಾಡು ಬರಲಿ. ಲಟ್ಟಣಿಗೆಯಿಂದ ಯಾರಿಗೂ ಗಾಯವಾಗಲ್ಲ, ಸಾಮಾನ್ಯವಾಗಿ.

ಜೋಳದ ರೊಟ್ಟಿ ಬಡಿಯುವವರಿಗೆ ನಾನು ಯಾವ ಹಾಡನ್ನೂ ಹೇಳಲ್ಲ. ಹುಬ್ಬಳ್ಳಿಯ ಸ್ನೇಹಿತೆಯ ಮನೆಯಲ್ಲಿ ಒಮ್ಮೆ ಬೆಳಿಗ್ಗೆ ಎದ್ದಾಗ ಪಕ್ಕದ ಕೋಣೆಯಲ್ಲಿ ಯಾರೋ ತಬಲಾ ಅಭ್ಯಾಸ ಮಾಡುತ್ತಿದ್ದಾರೆ ಅಂದುಕೊಂಡೆ. ಅವಳ ಅವ್ವ ರೊಟ್ಟಿ ಬಡಿಯುತ್ತಿದ್ದರು. ಬಲಗೈ ತಟ್ಟುತ್ತಿತ್ತು, ಎಡಗೈ ರೊಟ್ಟಿ ತಿರುಗಿಸುತ್ತಿತ್ತು. ಅದರ ಮೇಲೆ ಇನ್ನೊಂದು ತಾಳ ಹಾಕುವುದು ಅಧಿಕಪ್ರಸಂಗ. ಮುದ್ದೆ ತೊಳಸುವಾಗಲೂ ನನಗೆ ಹಾಡು ಬೇಡ. ಕೋಲು ಹಿಡಿದು ಗಂಟಾಗದಂತೆ ತೊಳಸುವ ಆ ಎರಡು ನಿಮಿಷ ಉಸಿರಿಗೇ ಪುರುಸೊತ್ತಿರಲ್ಲ.

ಉದ್ದದ, ಬೇಸರದ ಕೆಲಸಗಳಿಗೆ ಉದ್ದದ ಸಂಗೀತ ಇರಲಿ. ಬಿಸಿಬೇಳೆಬಾತ್ ಮಾಡುವ ಭಾನುವಾರ ನಾನು ಮಲ್ಲಿಕಾರ್ಜುನ ಮನ್ಸೂರರನ್ನೋ ಗಂಗೂಬಾಯಿ ಹಾನಗಲ್ಲರನ್ನೋ ಹಾಕುತ್ತೇನೆ. ನಿಧಾನದ ಖಯಾಲ್‌ಗೆ ಅವಸರವಿಲ್ಲ, ಬಾತಿಗೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಅವರೆಕಾಳು ಹಿದುಕಲು ಕೂತರೆ ಸೇರುಗಟ್ಟಲೆ ಕಾಳು, ತಾಸುಗಟ್ಟಲೆ ಕೆಲಸ. ಅದಕ್ಕೆ ಹಾಡು ಸಾಲದು, ತಾಳಮದ್ದಳೆ ಬೇಕು. ಕೃಷ್ಣ ಸಂಧಾನಕ್ಕೆ ಹೊರಟು ಮಾತು ಮುಗಿಸುವ ಹೊತ್ತಿಗೆ ಬೋಗುಣಿ ತುಂಬಿರುತ್ತೆ. ಒಲೆ ಮೇಲೆ ಏನೂ ಇರಬಾರದು ಅಷ್ಟೇ. ಅರ್ಥಧಾರಿಗಳ ವಾದ ಕೇಳುತ್ತ ಒಂದು ಬಾಣಲೆ ಗೋರಿಕಾಯಿ ಪಲ್ಯ ಇದ್ದಿಲು ಮಾಡಿದವಳು ನಾನು. ಮಾತಿನ ಕಾರ್ಯಕ್ರಮಕ್ಕೆ ಪೂರ್ತಿ ಕಿವಿ ಬೇಕು, ಪಾಡ್‌ಕಾಸ್ಟ್‌ಗೂ ಇದೇ ಮಾತು.

ಸಾಧನದ ಬಗ್ಗೆ ಎರಡೇ ಮಾತು. ಎಕ್ಸಾಸ್ಟ್ ಫ್ಯಾನ್ ಅಥವಾ ಚಿಮಣಿ ಓಡುವಾಗ ಸಣ್ಣ ಸದ್ದೆಲ್ಲ ಅದರ ಕೆಳಗೆ ಮುಚ್ಚಿಹೋಗುತ್ತೆ. ವೀಣೆಯ ಆಲಾಪನೆ ಹಾಕಿದರೆ ಕೇಳುವುದು ಫ್ಯಾನೇ. ಒಬ್ಬರದೇ ಸ್ಪಷ್ಟ ದನಿ, ಕಡಿಮೆ ವಾದ್ಯ ಇರುವ ಹಾಡು ಚೆನ್ನಾಗಿ ದಾಟಿ ಬರುತ್ತೆ. ನಾದಸ್ವರವಂತೂ ಯಾವ ಚಿಮಣಿಗೂ ಜಗ್ಗಲ್ಲ. ಮಿಕ್ಸಿ ಹಾಕಿದಾಗ ದನಿ ಏರಿಸಬೇಡಿ, ನಿಲ್ಲಿಸಿ. ಮಾಮೂಲಿ ಮಾತು 60 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಮಿಕ್ಸಿ 80, 90ಕ್ಕೆ ಹೋಗುತ್ತೆ. ಅದನ್ನು ಮೀರಿಸಲು ಹೊರಟರೆ ಪಕ್ಕದ ಮನೆಯವರು ಬರುತ್ತಾರೆ. ಸ್ಪೀಕರ್ ಕೊಳ್ಳುವುದಾದರೆ ಡಬ್ಬಿಯ ಮೇಲೆ ಐಪಿಎಕ್ಸ್4 ಅಂತ ಇದೆಯಾ ನೋಡಿ. ಸಿಂಕಿನಿಂದ ಹಾರುವ ಹನಿ ತಡೆಯುತ್ತೆ ಅಂತ ಅದರ ಅರ್ಥ. ಎಣ್ಣೆ ಸಿಡಿತಕ್ಕೆ ಆ ಭರವಸೆ ಇಲ್ಲ, ಒಲೆಯಿಂದ ದೂರ ಇಡಿ.

ಕೊನೆಗೆ ನಿಮ್ಮ ಉಪ್ಪು. ರೇಡಿಯೋ ಕಾಲದಲ್ಲಿ ಎರಡು ಹಾಡಿನ ನಡುವೆ ಉದ್ಘೋಷಕಿ ಬಂದು ನಾಲ್ಕು ಮಾತಾಡುತ್ತಿದ್ದರು. ಆ ಬಿಡುವಿನಲ್ಲಿ ಅಮ್ಮ ಸೌಟಿನಿಂದ ಒಂದು ತೊಟ್ಟು ಸಾರನ್ನು ಅಂಗೈಗೆ ಹಾಕಿಕೊಂಡು ನೋಡುತ್ತಿದ್ದರು. ಈಗ ಫೋನಿನಲ್ಲಿ ಒಂದು ಹಾಡಿನ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಬರುತ್ತೆ, ಬಿಡುವೇ ಇಲ್ಲ. ಹಾಡಿನ ಆ್ಯಪ್‌ನಲ್ಲಿ ಕ್ರಾಸ್‌ಫೇಡ್ ಅನ್ನೋದು ಆನ್ ಆಗಿದ್ದರೆ ಆಫ್ ಮಾಡಿ. ಹಾಡು ಮುಗಿದು ಒಂದು ಕ್ಷಣ ಮೌನವಾದಾಗಲೆಲ್ಲ ಸಾರು ನಾಲಿಗೆಗೆ ಮುಟ್ಟಿಸಿ. ಸಪ್ಪೆ ಅನ್ನಿಸಿದರೆ ಹಾಕಿ. ಅತ್ತೆಯವರು ಅದಾಗಲೇ ಹಾಕಿದ್ದಾರಾ ಅಂತ ಒಂದು ಮಾತು ಕೇಳಿಕೊಂಡು ಹಾಕಿ.